ಪಿಲ್ಲರ್ಸ್ ಆಫ್ ದಿ ಅರ್ತ್ ಅರ್ಧಕ್ಕೆ ನಿಲ್ಸಿದೀನಿ, ಮುಂದೆ ಓದ್ಲಾ?

ಹಾಸನದ ಓದುಗ:
ಕೆನ್ ಫಾಲೆಟ್ ಬರ್ದಿರೋ ಈ ದಪ್ಪ ಕಾದಂಬರಿ ಇಲ್ಲಿ ಯಾರಾದ್ರೂ ಪೂರ್ತಿ ಓದಿದೀರಾ? ಸಾವಿರ ಪುಟದ ಹತ್ರ ಇದೆ, ನಾನು ನಾನೂರು ದಾಟಿ ನಿಂತಿದೀನಿ. 12ನೇ ಶತಮಾನದ ಇಂಗ್ಲೆಂಡು, ಟಾಮ್ ಅಂತ ಒಬ್ಬ ಮೇಸ್ತ್ರಿ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಕೆಲಸ ಹುಡುಕ್ತಾ ಊರೂರು ಅಲೀತಾನೆ, ಅವನಿಗಿರೋದು ಒಂದೇ ಆಸೆ, ಸಾಯೋದ್ರೊಳಗೆ ಒಂದು ಕೆಥೆಡ್ರಲ್, ಅಂದ್ರೆ ಬಿಷಪ್ಪಿನ ದೊಡ್ಡ ಚರ್ಚು, ಕಟ್ಬೇಕು. ಆ ಚಳಿಗಾಲದಲ್ಲಿ ಅವರು ಕಾಡಲ್ಲಿ ಹಸ್ಕೊಂಡು ಮಲಗೋ ಪುಟಗಳು ಓದಿ ನಂಗೆ ರಾತ್ರಿ ನಿದ್ದೆನೇ ಬರ್ಲಿಲ್ಲ. ಆದ್ರೆ ವಿಲಿಯಂ ಅನ್ನೋನು ಬಂದ್ಮೇಲೆ ಕಷ್ಟ ಆಯ್ತು. ಅಲಿಯೆನಾ ಅನ್ನೋ ಹುಡುಗಿ ಮೇಲೆ ಅವನು ಮಾಡೋ ಅತ್ಯಾಚಾರ ಎಷ್ಟು ವಿವರವಾಗಿ ಬರ್ದಿದಾರೆ ಅಂದ್ರೆ ಅದು ಮನಸ್ಸಿಂದ ಹೋಗ್ಲೇ ಇಲ್ಲ, ಹೆಂಗೋ ನಾನೂರು ಪುಟದವರೆಗೆ ಬಂದು ಮುಚ್ಚಿಟ್ಟುಬಿಟ್ಟೆ. ಹದಿನೈದು ದಿನ ಆಯ್ತು. ಮುಂದೇನೂ ಹಿಂಗೇನಾ?

ಅರಸೀಕೆರೆ ಗಾರೆ ಕೆಲಸ:
ಓದಿ ಸಾರ್, ನಿಲ್ಲಿಸ್ಬೇಡಿ. ನಾನು ಇಪ್ಪತ್ತು ವರ್ಷದಿಂದ ಕಟ್ಟಡದ ಕೆಲಸದಲ್ಲೇ ಇದೀನಿ, ನಾನು ಓದಿರೋ ಐತಿಹಾಸಿಕ ಕಾದಂಬರಿಗಳಲ್ಲೆಲ್ಲ ರಾಜ ದೇವಸ್ಥಾನ ಕಟ್ಟಿಸ್ದ ಅಂತ ಒಂದು ಸಾಲಲ್ಲಿ ಮುಗಿದೋಗತ್ತೆ, ಕಲ್ಲು ಎಲ್ಲಿಂದ ಬಂತು ಕೂಲಿ ಯಾರು ಕೊಟ್ರು ಅಂತ ಯಾರೂ ಕೇಳಲ್ಲ. ಇಲ್ಲಿ ಫಿಲಿಪ್ ಅನ್ನೋ ಮಠದ ಹಿರಿಯರು ರಾಜನ ಹತ್ರ ಹೋಗಿ ಕಲ್ಲು ಕ್ವಾರಿಗೂ ಮರಕ್ಕೂ ಹಕ್ಕು ಕೇಳ್ತಾರೆ, ಸಂತೆ ನಡ್ಸೋಕೆ ಅಪ್ಪಣೆ ತರ್ತಾರೆ, ಉಣ್ಣೆ ಮಾರಿದ ದುಡ್ಡು ಗೋಡೆಯಾಗಿ ಏಳತ್ತೆ.

ಇನ್ನೂ ಓದಿಲ್ದೋರು ಈ ಪ್ಯಾರಾ ಬಿಟ್ಬಿಡಿ. ಮರದ ಚಾವಣಿ ಲೆಕ್ಕದಲ್ಲಿ ಎಬ್ಬಿಸಿದ್ದ ಗೋಡೆ ಮೇಲೆ ಒಂದು ಕಡೆ ಕಲ್ಲಿನ ಕಮಾನು ಚಾವಣಿ ಕೂರಿಸ್ತಾರೆ, ಗೋಡೆ ಮಾತ್ರ ಗಟ್ಟಿ ಮಾಡಲ್ಲ, ಒಳಗೆ ಜನ ತುಂಬಿರೋವಾಗ್ಲೇ ಕುಸಿಯತ್ತೆ. ಓದ್ತಾ ನನ್ನ ಕೈ ನಡುಗ್ತು. ಕಮಾನು ಭಾರಾನ ಕೆಳಗಷ್ಟೇ ಇಳ್ಸಲ್ಲ, ಪಕ್ಕಕ್ಕೂ ತಳ್ಳತ್ತೆ, ಅದಕ್ಕೆ ಹೊರಗಿಂದ ಆಸರೆ ಬೇಕು, ಫ್ಲೈಯಿಂಗ್ ಬಟ್ರೆಸ್ ಅನ್ನೋ ಹೊರಗಿನ ಅರೆಕಮಾನು ಇರೋದೇ ಅದಕ್ಕೆ. ಚೂಪು ಕಮಾನಾದ್ರೆ ಆ ತಳ್ಳೋದು ಕಮ್ಮಿ, ಎತ್ತರ ಹೋಗ್ಬೋದು, ಕಿಟಕಿ ದೊಡ್ಡದಿಡ್ಬೋದು. ನಮ್ಮ ಹಳೇಬೀಡಲ್ಲಿ ದಾರಿನೇ ಬೇರೆ, ಕಂಬದ ಮೇಲೆ ತೊಲೆ, ತೊಲೆ ಮೇಲೆ ಕಲ್ಲು, ಭಾರ ಎಲ್ಲ ನೇರ ಕೆಳಕ್ಕೆ. ಒಳಗೆ ಕಂಬಗಳು ಒತ್ತೊತ್ತಾಗಿರೋದು ಅದಕ್ಕೇ. ಈ ಪುಸ್ತಕ ಓದಿದ್ಮೇಲೆ ಅಲ್ಲಿಗೆ ಹೋದಾಗ ಶಿಲ್ಪ ಬಿಟ್ಟು ತಲೆ ಎತ್ಕೊಂಡು ಚಾವಣಿನೇ ನೋಡ್ತಾ ನಿಂತಿದ್ದೆ.

ಚಿಕ್ಕಮಗಳೂರು ಕಾಫಿತೋಟ:
ನಾನೂ ಪೂರ್ತಿ ಓದಿದೀನಿ, ಆದ್ರೆ ಅಷ್ಟೆಲ್ಲ ಹೊಗಳೋಕೆ ನಂಗಾಗಲ್ಲ ಮಾರಾಯ್ರೆ. ಫಿಲಿಪ್ ಏನಾದ್ರೂ ಒಂದು ದಡ ಮುಟ್ಟಿಸ್ತಾರೆ, ವಿಲಿಯಂ ಬಂದು ಸುಡ್ತಾನೆ, ಬಿಷಪ್ಪು ಪಿತೂರಿ ಮಾಡ್ತಾನೆ, ಮತ್ತೆ ಕಟ್ತಾರೆ, ಮತ್ತೆ ಅದೇ. ಕೆಟ್ಟವರ ಒಳಗೆ ಒಂದು ದಿನಾನೂ ಏನೂ ಬದಲಾಗಲ್ಲ. ಅಲಿಯೆನಾ ಉಣ್ಣೆ ವ್ಯಾಪಾರ ಮಾಡಿ ತನ್ನ ಕಾಲ ಮೇಲೆ ನಿಲ್ಲೋದು ನಂಗೆ ತುಂಬಾ ಇಷ್ಟ, ಆದ್ರೆ ಅವಳ ಮೇಲಾದ ಹಿಂಸೆಗೆ ಅಷ್ಟು ಪುಟ ಬೇಕಿರ್ಲಿಲ್ಲ. ಮುಂದೇನೂ ಅಂಥವು ಬರತ್ತೆ, ಹಾರಿಸಿ ಓದಿ, ಕಥೆ ಏನೂ ತಪ್ಪಲ್ಲ.

ನಂಗೆ ಓದ್ತಾ ಹೊಟ್ಟೆ ಉರಿದಿದ್ದು ಬೇರೆ ವಿಷ್ಯಕ್ಕೆ. ನಮ್ಮ ತರೀಕೆರೆ ಹತ್ರ ಅಮೃತಾಪುರದ ದೇವಸ್ಥಾನ 1196ರದ್ದು, ಅಲ್ಲಿ ಮಲ್ಲಿತಮ್ಮ ಅನ್ನೋ ಶಿಲ್ಪಿ ಹೆಸರಿದೆ, 1258ರ ಸೋಮನಾಥಪುರದಲ್ಲೂ ಅದೇ ಹೆಸರಿದೆ. ಅರವತ್ತೆರಡು ವರ್ಷ! ಒಬ್ಬನೇನಾ, ಮೊಮ್ಮಗನಿಗೆ ಅಜ್ಜನ ಹೆಸರಿಟ್ರಾ? ಶಾಂತಲೆ ಬಗ್ಗೆ ಕಾದಂಬರಿ ಇದೆ, ಜಕಣಾಚಾರಿ ಕಪ್ಪೆ ಕಥೆ ಮಕ್ಕಳಿಗೂ ಗೊತ್ತು, ಆದ್ರೆ ಕಲ್ಲಲ್ಲೇ ಹೆಸರು ಬಿಟ್ಟೋದ ಈ ಮನುಷ್ಯನ ಹಿಂದೆ ಸಾವಿರ ಪುಟ ಹೋಗೋ ಲೇಖಕರು ನಮಗೂ ಬೇಕು.

ಬೇಲೂರು ಮೇಷ್ಟ್ರು:
ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಚೆನ್ನಕೇಶವನ ಪ್ರತಿಷ್ಠೆ 1117. ಮೂರೇ ವರ್ಷಕ್ಕೆ, 1120ರಲ್ಲಿ ವೈಟ್ ಶಿಪ್ ಅನ್ನೋ ಹಡಗು ಮುಳುಗಿ ಇಂಗ್ಲೆಂಡಿನ ಹೆನ್ರಿ ರಾಜನ ಮಗ ಸತ್ತ, 1135ರಲ್ಲಿ ರಾಜನೂ ಹೋದ, ಆಮೇಲೆ ಪಟ್ಟಕ್ಕಾಗಿ ಹೆನ್ರಿಯ ಸೋದರಳಿಯ ಸ್ಟೀಫನ್ನಿಗೂ ಹೆನ್ರಿಯ ಮಗಳು ಮಟಿಲ್ಡಾಗೂ ವರ್ಷಾನುಗಟ್ಲೆ ಯುದ್ಧ. ಇವೆಲ್ಲ ನಡೆದಿದ್ದೇ, ಕಾದಂಬರಿಲಿ ಕೆಥೆಡ್ರಲ್ ಏಳೋ ಕಿಂಗ್ಸ್‌ಬ್ರಿಡ್ಜ್ ಊರು ಮಾತ್ರ ಲೇಖಕರ ಕಲ್ಪನೆ. ನನ್ನ ದೂರು ಅಂದ್ರೆ ಪಾತ್ರಗಳು ಇವತ್ತಿನೋರ ಥರ ಮಾತಾಡ್ತಾರೆ, ಯೋಚನೆನೂ ಇವತ್ತಿಂದೇ. ಆದ್ರೂ ಎರಡು ಸಲ ಓದಿದೀನಿ.

ಹಾಸನದ ಓದುಗ:
ಎಲ್ರಿಗೂ ಥ್ಯಾಂಕ್ಸ್, ಮತ್ತೆ ಶುರು ಮಾಡ್ದೆ, ವಿಲಿಯಂ ಬಂದ್ರೆ ಪುಟ ತಿರುಗಿಸ್ತಿದೀನಿ. ಭಾನುವಾರ ಶೆಟ್ಟಿಹಳ್ಳಿಗೂ ಹೋಗಿದ್ದೆ, ಗೊರೂರು ಹಿನ್ನೀರು ಇಳಿದಿದೆ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಒಳಗೆ ನಡ್ಕೊಂಡೇ ಓಡಾಡ್ಬೋದು. ಚಿಕ್ಕೋನಿದ್ದಾಗಿಂದ ನೋಡಿದ ಜಾಗ, ಚೂಪು ಕಮಾನು ಯಾಕೆ ಚೂಪು ಅಂತ ಒಂದಿನಾನೂ ಕೇಳ್ಕೊಂಡಿರ್ಲಿಲ್ಲ. ಚಾವಣಿ ಬಿದ್ದೋಗಿ ಎಷ್ಟೋ ಕಾಲ ಆಗಿದೆ, ಕಮಾನುಗಳು ಇನ್ನೂ ನಿಂತಿವೆ. ಗಾರೆ ಅಣ್ಣ, ಒಂದ್ಸಲ ಬರ್ತೀರಾ, ಪಕ್ಕದ ಗೋಡೆ ತೋರ್ಸಿ ಕೇಳ್ಬೇಕಿದೆ.

ಅರಸೀಕೆರೆ ಗಾರೆ ಕೆಲಸ:
ಖಂಡಿತ ಬರ್ತೀನಿ, ಮಳೆ ಹಿಡಿದು ನೀರು ತುಂಬೋದ್ರೊಳಗೆ ಹೋಗೋಣ. ಅಷ್ಟ್ರಲ್ಲಿ ಟಾಮ್‌ನ ಮಲಮಗ ಜಾಕ್ ಫ್ರಾನ್ಸಿಗೆ ಹೋಗೋ ಭಾಗ ಮುಗಿಸ್ಕೊಂಡ್ಬನ್ನಿ. ಅವನು ನೋಡೋ ಸೇಂಟ್ ಡೆನಿಸ್ ಚರ್ಚು ನಿಜವಾಗ್ಲೂ ಇದೆ, ಅದರ ಪೂರ್ವದ ಭಾಗದ ಪ್ರತಿಷ್ಠೆ ಆಗಿದ್ದು 1144ರಲ್ಲಿ. ಅಲ್ಲಿ ನಿಧಾನಕ್ಕೆ ಓದಿ.