ಅಪ್‌ಡೇಟ್: ತಡೆಹಿಡಿದಿದ್ದ ಬೋರ್ಡ್‌ಗಳು ತುಮಕೂರಿಗೆ ಬಂದವು

ಕೊಳವೆಬಾವಿಯ ಮೋಟಾರ್ ನಿಯಂತ್ರಿಸಲು ಅಮೆರಿಕದಿಂದ ತರಿಸಿದ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳು ‘ರಫ್ತು ಪರಿಶೀಲನೆ’ಯಲ್ಲಿ ಸಿಲುಕಿವೆ, ಏನು ಮಾಡಲಿ ಎಂದು ಕೇಳಿದ್ದೆ. ಬೋರ್ಡ್‌ಗಳು ಕೈಸೇರಿವೆ, ದಾರಿ ತೋರಿಸಿದವರಿಗೆಲ್ಲ ವಂದನೆಗಳು.

ತೊಡಕು ಸರಕಿನದಲ್ಲ, ಹೆಸರಿನದು. ಬಿಲ್ಲಿನಲ್ಲೇ ‘ಇಎಆರ್ 99’ ಎಂದಿದೆ. ಇದು ಅಮೆರಿಕದ ರಫ್ತು ನಿಯಮಗಳಲ್ಲಿನ ಒಂದು ವರ್ಗ: ಈ ವರ್ಗದ ವಸ್ತುಗಳಿಗೆ ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ಆದರೆ ಕೊಳ್ಳುವವರ ಹೆಸರು ಅಮೆರಿಕದ ನಿರ್ಬಂಧಿತರ ಪಟ್ಟಿಯ ಯಾವುದಾದರೂ ಹೆಸರನ್ನು ಹೋಲಿದರೂ ಸಾಕು, ಮಾರಾಟಗಾರರ ತಂತ್ರಾಂಶ ಆರ್ಡರನ್ನು ತಡೆಯುತ್ತದೆ. ಕಾರಣವನ್ನೂ ತಿಳಿಸದೆ ಗ್ರಾಹಕನನ್ನು ಕಾಯಿಸುವುದು ಅನ್ಯಾಯವೇ ಸರಿ.

ಇನಿಷಿಯಲ್‌ಗಳನ್ನು ಬಿಡಿಸಿ ಪಾಸ್‌ಪೋರ್ಟಿನಲ್ಲಿರುವ ಪೂರ್ಣ ಹೆಸರು, ಜನ್ಮದಿನಾಂಕ ಕೊಟ್ಟೆ. ಸರಕನ್ನು ಎಲ್ಲಿ, ಯಾವುದಕ್ಕೆ ಬಳಸುತ್ತೇನೆಂದು ಸಹಿ ಹಾಕಿ ಕೊಡುವ ಅಂತಿಮ ಬಳಕೆಯ ಹೇಳಿಕೆಯಲ್ಲಿ ‘ತೆಂಗಿನ ತೋಟ, ಐದು ಅಶ್ವಶಕ್ತಿಯ ಮೋಟಾರ್, ಮರುಮಾರಾಟವಿಲ್ಲ’ ಎಂದು ಬರೆದೆ. ಆಮೇಲೆ ತಡೆ ತೆರವಾಯಿತು.

ಪಕ್ಕದ ತೋಟದವರು ಒಂದು ಬೋರ್ಡನ್ನು ಕ್ರಯಕ್ಕೆ ಕೇಳುತ್ತಿದ್ದಾರೆ. ಸಹಿ ಹಾಕಿರುವುದರಿಂದ ಕೊಡಲಾರೆ. ಅವರ ಹೆಸರಿನಲ್ಲೇ ಆರ್ಡರ್ ಮಾಡಿಸುತ್ತೇನೆ.