ಶಾಶ್ವತ ಗುಂಡಿ ಸೇವೆ

"ರಸ್ತೆಗೆ ಸರ್ಕಾರದ ದುಡ್ಡೊಂದನ್ನೇ ನಂಬಿದರೆ ಆಗದು. ಹೊಸ ಮಾದರಿಗಳು ಬೇಕು," ಎಂದ ಸುಬ್ಬು. ಅವನಿಗೆ ಈಚೆಗೆ ಮಾದರಿಗಳ ಹುಚ್ಚು. "2016ರಲ್ಲಿ ಬಂದ ಹೈಬ್ರಿಡ್ ಆನ್ಯುಟಿಯನ್ನೇ ನೋಡಿ. ಹೆದ್ದಾರಿ ಕಟ್ಟುವಾಗ ಸರ್ಕಾರ ಶೇ 40 ಕೊಡುತ್ತದೆ. ಉಳಿದದ್ದನ್ನು ಕಂಪನಿ ಹಾಕುತ್ತದೆ. ಆಮೇಲೆ 15 ವರ್ಷ ಕಂತಿನಲ್ಲಿ ತೀರಿಸುವುದು."

"ಅಂದರೆ ಸಾಲ," ಎಂದರು ರಾಯರು.

"ಸಾಲವಲ್ಲ ರಾಯರೇ, ಮಾದರಿ!"

"ನಮ್ಮ ಬ್ಯಾಂಕಿನಲ್ಲಿ ಅದಕ್ಕೆ ಸಾಲ ಎನ್ನುತ್ತಿದ್ದೆವಪ್ಪ. ಗಾಡಿ ಕೊಂಡಾಗ ಜೀವಾವಧಿ ತೆರಿಗೆ ಕಟ್ಟಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ರಸ್ತೆ ಸೆಸ್. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋಣವೆಂದರೆ ಈಗ ಸುಂಕದವನೂ ಇಲ್ಲ."

"ಹಾಗಾದರೆ ನಿಮ್ಮ ಮಾದರಿ ಯಾವುದು?"

"ಶಾಶ್ವತ ಸೇವೆ. ದೇವಸ್ಥಾನದಲ್ಲಿ ಮಾಡಿಸುವುದಿಲ್ಲವೇ, ಹಾಗೆ. ಒಂದಿಷ್ಟು ಠೇವಣಿ ಇಟ್ಟರೆ ಅದರ ಬಡ್ಡಿಯಲ್ಲಿ ಪ್ರತಿ ವರ್ಷ ನಿನ್ನ ಮದುವೆಯ ದಿನ ಹೆಸರು, ಗೋತ್ರ, ನಕ್ಷತ್ರ ಹೇಳಿ ಒಂದು ಗುಂಡಿ ಮುಚ್ಚುತ್ತಾರೆ."

"ಮುಚ್ಚಿದ ಗುಂಡಿ ಮರುವರ್ಷ ಎಲ್ಲಿರುತ್ತದೆ?" ಎಂದ ಶೀನ.

"ಅಲ್ಲೇ ಇರುತ್ತದೆ. ಆ ನಂಬಿಕೆಯ ಮೇಲೆಯೇ ಯೋಜನೆ ನಿಂತಿರುವುದು."

ಪದ್ಮಕ್ಕ ಚಕ್ಕುಲಿ ತಟ್ಟೆ ಇಟ್ಟು, "ಪ್ರಸಾದ?" ಎಂದರು.

"ಒಂದು ಹಿಡಿ ಜಲ್ಲಿ. ಅಂಚೆಯಲ್ಲಿ ಮನೆಗೇ ಬರುತ್ತದೆ."

"ತೀರ್ಥ?"

"ಜೂನ್ ತಿಂಗಳಲ್ಲಿ ಆ ಕಡೆ ಹೋಗಿ ನಿಲ್ಲಿ. ಬಸ್ಸಿನವನೇ ಪ್ರೋಕ್ಷಣೆ ಮಾಡುತ್ತಾನೆ."

ಶೀನನಿಗೆ ಉತ್ಸಾಹ ಬಂತು. "ದಾನಿಗಳ ಹೆಸರಿನ ಕಲ್ಲು ಹಾಕಬೇಕಲ್ಲ?"

"ಗುಂಡಿಯ ಮುಂದೆಯೇ ನೆಡಬೇಕು. ಅದನ್ನು ನೋಡಿ ಬೈಕಿನವನು ಪಕ್ಕಕ್ಕೆ ಸರಿದರೆ ದಾನಿಗೆ ನಿಜವಾದ ಪುಣ್ಯ."

ಸುಬ್ಬು ಮಾತ್ರ ನಗಲಿಲ್ಲ. ಮೊಬೈಲಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ. "ಹಳ್ಳಿ ರಸ್ತೆಗೆ ದಾನಿಗಳನ್ನು ಎಲ್ಲಿಂದ ತರುತ್ತೀರಿ?"

"ನಮ್ಮೂರ ರಸ್ತೆಗೆ ದಾನಿ ಬೇಕಿರಲಿಲ್ಲ. ಅದು ತಾನೇ ದುಡಿಯುತ್ತಿತ್ತು," ಎಂದರು ರಾಯರು. "ಎರಡೂ ಬದಿ ಹುಣಸೆ ಮರಗಳು. ವರ್ಷಕ್ಕೊಮ್ಮೆ ಫಸಲಿನ ಹರಾಜು. ಹರಾಜು ಹಿಡಿದವನ ಕಣ್ಣು ತಪ್ಪಿಸಿ ನಾವು ಹುಡುಗರು ಕಲ್ಲು ಬೀರುತ್ತಿದ್ದೆವು. ಬೇಸಗೆಯಲ್ಲಿ ಶಾಲೆಯಿಂದ ಮನೆಯವರೆಗೂ ಬಿಸಿಲು ತಾಗುತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಅಷ್ಟನ್ನೂ ಕಡಿದರು. ಈಗ ಊರಿಗೆ ಬೇಗ ತಲುಪುತ್ತೇನೆ, ನಿಜ. ತಲುಪಿ ಮಾತಾಡಿಸಲು ಅಲ್ಲಿ ಯಾರಿದ್ದಾರೆ?"

"ಮರದ ಫಸಲು ಮಾರುವುದಕ್ಕೂ ಈಗ ಒಂದು ಹೆಸರಿದೆ, ಆಸ್ತಿ ನಗದೀಕರಣ," ಎಂದ ಸುಬ್ಬು, ತಲೆ ಎತ್ತದೆ.

"ಸುಮ್ಮನಿರೋ," ಎಂದು ಗದರಿದರು ಪದ್ಮಕ್ಕ. "ನಿಮ್ಮ ಮನೆಯವರು ಹರಾಜು ಕೂಗುತ್ತಿರಲಿಲ್ಲವೇ ರಾಯರೇ?"

"ಅಪ್ಪ ಒಂದು ವರ್ಷ ಪಕ್ಕದೂರಿನವನಿಗೆ ಬಿಟ್ಟುಕೊಟ್ಟು ಅಮ್ಮನಿಂದ ಬೈಸಿಕೊಂಡರು. ಮರುವರ್ಷ ಹಟಕ್ಕೆ ಬಿದ್ದು ಕೂಗಿ ಗೆದ್ದರು. ಆ ಸಲ ಸಂತೆಯಲ್ಲಿ ಹುಣಸೆಯನ್ನು ಕೇಳುವವರೇ ಇರಲಿಲ್ಲ. ವರ್ಷವಿಡೀ ನಮ್ಮ ಮನೆಯಲ್ಲಿ ಪುಳಿಯೋಗರೆ."