ಗೇಮ್ ಆಫ್ ಥ್ರೋನ್ಸ್ ಬೋರ್ಡ್ ಗೇಮ್: ಗ್ರೇಜಾಯ್ ಕೊಟ್ಟ ಮಾತನ್ನು ಲ್ಯಾನಿಸ್ಟರ್ ನಂಬುವುದು ಹೇಗೆ?

ಪ್ರಶ್ನೆ:

ನಾವು ಆರು ಮಂದಿ ಗೆಳೆಯರು ಸುಮಾರು ಒಂದು ವರ್ಷದಿಂದ ಈ ಆಟದ 2011ರ ಎರಡನೆಯ ಆವೃತ್ತಿಯನ್ನು ಆಡುತ್ತಿದ್ದೇವೆ. ಕಳೆದ ಭಾನುವಾರ ನನ್ನ ಪಾಲಿಗೆ ಲ್ಯಾನಿಸ್ಟರ್ ಮನೆತನ ಬಂದಿತ್ತು. ಮೊದಲ ಸುತ್ತಿನ ಆರ್ಡರ್‌ಗಳನ್ನು (ಯಾವ ಪಡೆ ಏನು ಮಾಡಬೇಕೆಂದು ಹೇಳುವ, ಬೋರಲಾಗಿ ಇಡುವ ಬಿಲ್ಲೆಗಳನ್ನು) ಇಡುವ ಮುಂಚೆಯೇ ಗ್ರೇಜಾಯ್ ಆಡುತ್ತಿದ್ದ ಗೆಳೆಯನ ಜೊತೆ ಕುಳಿತು, ರಿವರ್‌ರನ್ ಕೋಟೆ ನನಗೆ, ಸೀಗಾರ್ಡ್ ಕೋಟೆ ಅವನಿಗೆ, ಮೂರು ಸುತ್ತಿನವರೆಗೆ ಒಬ್ಬರ ತಂಟೆಗೆ ಇನ್ನೊಬ್ಬರು ಹೋಗಕೂಡದು ಎಂದು ಮಾತು ಮುಗಿಸಿದ್ದೆ. ಆದರೂ ಒಳಗೊಳಗೆ ಅಳುಕು ಇದ್ದುದರಿಂದ ಗೋಲ್ಡನ್ ಸೌಂಡ್ ಸಮುದ್ರದಲ್ಲಿದ್ದ ನನ್ನ ಒಂದೇ ಒಂದು ಹಡಗಿನ ಮೇಲೆ ನಕ್ಷತ್ರವಿರುವ (ಎಂದರೆ ಲೆಕ್ಕಕ್ಕೆ ಸಿಕ್ಕಷ್ಟೇ ಇಡಬಹುದಾದ, ವಿಶೇಷ) +2 ಡಿಫೆನ್ಸ್ ಆರ್ಡರ್ ಇಟ್ಟಿದ್ದೆ.

ಆರ್ಡರ್‌ಗಳನ್ನು ತಿರುಗಿಸಿ ನೋಡಿದಾಗ ಐರನ್‌ಮ್ಯಾನ್ಸ್ ಬೇಯಲ್ಲಿದ್ದ ಅವನ ಹಡಗಿನ ಮೇಲೆ ಮಾರ್ಚ್, ಎಂದರೆ ಮುನ್ನುಗ್ಗುವ ಆರ್ಡರ್ ಇತ್ತು, ಅದು ನೇರವಾಗಿ ನನ್ನ ಮೇಲೆಯೇ ಬಂತು. ಕಾಳಗದಲ್ಲಿ ಇಬ್ಬರೂ ತಮ್ಮ ಮನೆತನದ ಒಂದೊಂದು ಕಾರ್ಡು ಇಡಬೇಕು; ನಾನು 4 ಬಲದ ಟೈವಿನ್ ಕಾರ್ಡನ್ನು ಇಟ್ಟೆ. ಅವನು ಇಟ್ಟಿದ್ದು ಬೇಲನ್. ಎದುರಾಳಿಯ ಕಾರ್ಡಿನ ಮೇಲೆ ಅಚ್ಚಾದ ಬಲವನ್ನು ಆ ಕಾರ್ಡು ಸೊನ್ನೆ ಮಾಡುತ್ತದೆ. ನನ್ನ ಲೆಕ್ಕ ಹಡಗಿನ 1 ಮತ್ತು ಡಿಫೆನ್ಸ್‌ನ 2 ಸೇರಿ ಮೂರಕ್ಕೆ ನಿಂತಿತು. ಅವನದು ಹಡಗಿನ 1, ಬೇಲನ್‌ನ 2, ಅದರ ಮೇಲೆ ವಲೇರಿಯನ್ ಕತ್ತಿಯ 1, ಒಟ್ಟು ನಾಲ್ಕಾಯಿತು. ಮೂರನೆಯ ಸುತ್ತಿನ ಹೊತ್ತಿಗೆ ನನ್ನ ತವರು ಕೋಟೆ ಲ್ಯಾನಿಸ್‌ಪೋರ್ಟ್ ಕೈಬಿಟ್ಟಿತು, ಉಳಿದ ಏಳು ಸುತ್ತುಗಳನ್ನು ನಾನು ಸ್ಟೋನಿ ಸೆಪ್ಟ್ ಸುತ್ತಮುತ್ತ ಅಲೆಯುತ್ತ ಕಳೆದೆ.

ಯಾವ ಒಪ್ಪಂದವೂ ಆಟಗಾರರನ್ನು ಕಟ್ಟಿಹಾಕುವುದಿಲ್ಲ ಎಂದು ನಿಯಮವೇ ಹೇಳುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಹಾಗಿದ್ದ ಮೇಲೆ ಲ್ಯಾನಿಸ್ಟರ್ ಆಡುವವರು ಸಂಧಾನಕ್ಕೆ ಕೂರುವುದರಲ್ಲಿ ಅರ್ಥವಿದೆಯೇ, ಅಥವಾ ಈ ಮನೆತನದ ಆರಂಭವೇ ಇಷ್ಟು ದುರ್ಬಲವೆಂದು ಸುಮ್ಮನಾಗಬೇಕೇ?

ಉತ್ತರ 1:

ಮೊದಲು ಒಂದು ಸಮಾಧಾನ ಹೇಳುತ್ತೇನೆ. ಆ ಸಮುದ್ರದಲ್ಲಿ ನೀವು ಬೇರೆ ಯಾವ ಕಾರ್ಡು ಇಟ್ಟಿದ್ದರೂ ಸೋಲುತ್ತಿದ್ದಿರಿ. ಟಿರಿಯನ್ ಇಟ್ಟು ಬೇಲನ್‌ನನ್ನು ವಾಪಸ್ ಕಳಿಸಿದ್ದರೆ ಅವರು ವಿಕ್ಟೇರಿಯನ್ ತೆಗೆಯುತ್ತಿದ್ದರು. ಆಗ ದಾಳಿ ಮಾಡುವ ಹಡಗಿಗೆ 1ರ ಬದಲು 2, ಕಾರ್ಡಿಗೆ 3, ಕತ್ತಿಗೆ 1 ಸೇರಿ ಆರಾಗುತ್ತಿತ್ತು, ನಿಮ್ಮದು ನಾಲ್ಕಕ್ಕೇ ನಿಲ್ಲುತ್ತಿತ್ತು. ಕತ್ತಿಯನ್ನು ಬಳಸದೆ ಬೇಲನ್‌ನಿಂದಲೇ ಮೂರಕ್ಕೆ ಮೂರು ಸಮವಾಗಿದ್ದರೂ, ಸಮವಾದ ಕಾಳಗವನ್ನು ತೀರ್ಮಾನಿಸುವ ಫೀಫ್‌ಡಮ್ಸ್ ಪಟ್ಟಿಯ ತುದಿಯಲ್ಲಿ ಆರಂಭದಲ್ಲಿ ಗ್ರೇಜಾಯ್, ಬುಡದಲ್ಲಿ ಲ್ಯಾನಿಸ್ಟರ್ ಇರುವುದರಿಂದ ಗೆಲುವು ಅವರದೇ. ಹಾಗಾಗಿ ಒಂದು ನಕ್ಷತ್ರವನ್ನು ಗೋಲ್ಡನ್ ಸೌಂಡ್‌ನ ರಕ್ಷಣೆಗೆ ಸುರಿದದ್ದು ವ್ಯರ್ಥವಾಯಿತು ಎಂದೇ ನನ್ನ ಅಭಿಪ್ರಾಯ.

ಇನ್ನು ಒಪ್ಪಂದದ ವಿಷಯ. "ತಂಟೆಗೆ ಹೋಗಕೂಡದು" ಎಂಬ ಮಾತು ಮುರಿದುಬಿತ್ತು ಎಂದು ಗೊತ್ತಾಗುವುದು ಏಟು ಬಿದ್ದ ಮೇಲೆ. ಈ ಆಟದಲ್ಲಿ ಮಾತನ್ನು ಆರ್ಡರ್‌ನ ಭಾಷೆಯಲ್ಲಿ ಕೇಳಬೇಕು. ಮೊದಲ ಸುತ್ತಿನ ಗ್ರೇಜಾಯ್ ಸ್ಥಿತಿಯನ್ನೇ ನೋಡಿ. ಯಾರು ಎಷ್ಟು ನಕ್ಷತ್ರದ ಆರ್ಡರ್ ಇಡಬಹುದೆಂದು ಹೇಳುವ ಕಿಂಗ್ಸ್ ಕೋರ್ಟ್ ಪಟ್ಟಿಯಲ್ಲಿ ಅವರು ಆರನೆಯವರಾದ್ದರಿಂದ ಒಂದೂ ನಕ್ಷತ್ರದ ಆರ್ಡರ್ ಇಡಲಾರರು. ಎಲ್ಲರ ಹತ್ತಿರವೂ ಇರುವ ಮೂರು ಮಾರ್ಚ್‌ಗಳಲ್ಲಿ +1 ನಕ್ಷತ್ರದ್ದು, ಹಾಗಾಗಿ ಅವರ ಕೈಯಲ್ಲಿ ಉಳಿಯುವುದು 0 ಮತ್ತು -1, ಎರಡೇ. ಪೈಕ್‌ನಲ್ಲಿರುವ ಕಾಲಾಳು ಮತ್ತು ಕುದುರೆ ಸವಾರರನ್ನು ದಡಕ್ಕೆ ಇಳಿಸಲು ಒಂದು ಬೇಕು, ಗ್ರೇವಾಟರ್ ವಾಚ್‌ನ ಕಾಲಾಳಿಗೆ ಇನ್ನೊಂದು ಬೇಕು. ಸೈನ್ಯವನ್ನು ದಾಟಿಸಲು ಹಡಗು ಅಲ್ಲಿ ಇದ್ದರೆ ಸಾಕು, ಹಡಗಿನ ಮೇಲೆ ಮಾರ್ಚ್ ಇರಬೇಕಾಗಿಲ್ಲ. ಎಂದರೆ, ನಿಜವಾಗಿಯೂ ಸೀಗಾರ್ಡ್ ಮತ್ತು ಉತ್ತರದ ಕಡೆಗೆ ಹೋಗುವ ಮನಸ್ಸಿರುವ ಗ್ರೇಜಾಯ್‌ಗೆ ಐರನ್‌ಮ್ಯಾನ್ಸ್ ಬೇಯಲ್ಲಿ ಮಾರ್ಚ್ ಇಡುವ ಅಗತ್ಯವೇ ಇಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು ಇಷ್ಟೇ: "ಐರನ್‌ಮ್ಯಾನ್ಸ್ ಬೇಯಲ್ಲಿ ಮಾರ್ಚ್ ಬಿಟ್ಟು ಬೇರೆ ಏನು ಬೇಕಾದರೂ ಇಡಿ." ಇದನ್ನು ಕೊಡಲು ಅವರಿಗೆ ಏನೂ ಖರ್ಚಿಲ್ಲ. ಇಷ್ಟಕ್ಕೂ ಅವರು ಹಿಂದೆಮುಂದೆ ನೋಡಿದರೆ ಉದ್ದೇಶವೇನೆಂದು ಆ ಕ್ಷಣಕ್ಕೇ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾತು ತಪ್ಪಿದರೆ ಅದು ಆರ್ಡರ್ ತಿರುಗಿಸಿದ ಕೂಡಲೇ, ಒಂದೇ ಒಂದು ಹಡಗು ಕದಲುವ ಮುಂಚೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಹೊತ್ತಿನಲ್ಲಿ ಮೆಸೆಂಜರ್ ರೇವನ್ ಇರುವುದು ಯಾರ ಕೈಯಲ್ಲಿ? ಲ್ಯಾನಿಸ್ಟರ್ ಕೈಯಲ್ಲಿ. ನಿಮ್ಮ ಒಂದು ಆರ್ಡರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಲ್ಯಾನಿಸ್‌ಪೋರ್ಟ್ ಮೇಲಿನ ಮಾರ್ಚ್ ತೆಗೆದು ನಕ್ಷತ್ರದ ಕನ್ಸಾಲಿಡೇಟ್ ಪವರ್ (ಕೋಟೆಯಲ್ಲಿ ಹೊಸ ಪಡೆ ಕಟ್ಟಲು ಬಿಡುವ ಆರ್ಡರ್) ಇಡಿ. ಮಾರ್ಚ್‌ಗಳೆಲ್ಲ ಮುಗಿದ ಮೇಲೆ ಅದು ಜಾರಿಗೆ ಬರುತ್ತದೆ. ಗೋಲ್ಡನ್ ಸೌಂಡ್ ಕಳೆದುಕೊಂಡಿದ್ದರೂ ಬಂದರಿನಲ್ಲಿ ಎರಡು ಹೊಸ ಹಡಗುಗಳು ನಿಲ್ಲುತ್ತವೆ, ಕಾಲಾಳು ಮತ್ತು ಸವಾರ ಮನೆಯಲ್ಲಿಯೇ ಉಳಿಯುತ್ತಾರೆ, 2 ಬಲದ ಕಾವಲು ಪಡೆ ಹೇಗೂ ಇದೆ. ಬೇಲನ್ ಕಾರ್ಡು ಖರ್ಚಾಗಿರುತ್ತದೆ, ಏಳೂ ಕಾರ್ಡುಗಳು ಮುಗಿಯುವ ತನಕ ಅದು ಸಾಮಾನ್ಯವಾಗಿ ಅವರ ಕೈಗೆ ಮರಳುವುದಿಲ್ಲ. ಎರಡನೆಯ ಸುತ್ತಿನಲ್ಲಿ ನಿಮಗಿಂತ ಹೆಚ್ಚಾಗಿ ಅವರಿಗೇ ಚಿಂತೆ ಹತ್ತಿರುತ್ತದೆ.

ಇದಕ್ಕಾಗಿ ಮೂರು ನಕ್ಷತ್ರಗಳಲ್ಲಿ ಒಂದನ್ನು ಮೊದಲೇ ಖಾಲಿ ಇಟ್ಟುಕೊಂಡಿರಬೇಕು. ರೇವನ್ ಬಳಸುವಾಗಲೂ ನಕ್ಷತ್ರದ ಮಿತಿ ಅನ್ವಯಿಸುತ್ತದೆ.

ಉತ್ತರ 2:

ಮೇಲಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ, ಆದರೆ ಅದು ಇಬ್ಬರ ನಡುವಿನ ಲೆಕ್ಕ. ನಾನು ಲ್ಯಾನಿಸ್ಟರ್ ಆಡುವಾಗ ಮೊದಲು ಮಾತನಾಡಿಸುವುದು ಗ್ರೇಜಾಯ್ ಅವರನ್ನಲ್ಲ, ಸ್ಟಾರ್ಕ್ ಅವರನ್ನು. ಕೌಟಿಲ್ಯನ ಮಂಡಲ ಸಿದ್ಧಾಂತವನ್ನು ಓದಿದವರಿಗೆ ಇದು ಹೊಸದಲ್ಲ: ಗಡಿ ಹಂಚಿಕೊಂಡವನು ಅರಿ, ಅವನ ಆಚೆಯವನು ಮಿತ್ರ. ಈ ನಕ್ಷೆಯ ಪಶ್ಚಿಮ ದಡ ಆ ಮಾತಿಗೆ ಚಿತ್ರ ಬರೆದಂತಿದೆ.

ಸ್ಟಾರ್ಕ್‌ಗೂ ಆರಂಭದಲ್ಲಿ ಮೂರು ನಕ್ಷತ್ರಗಳಿವೆ. ಅವರು ವಿಂಟರ್‌ಫೆಲ್‌ನಲ್ಲಿ ನಕ್ಷತ್ರದ ಕನ್ಸಾಲಿಡೇಟ್ ಇಟ್ಟರೆ ಮೊದಲ ಸುತ್ತಿನ ಕೊನೆಯಲ್ಲಿಯೇ ಬೇ ಆಫ್ ಐಸ್‌ಗೆ ಹಡಗು ಇಳಿಸಬಹುದು. ಆ ಹಡಗು ನೀರಿಗೆ ಇಳಿಯಿತೆಂದರೆ ಗ್ರೇಜಾಯ್ ಆಡುವವರ ಗಮನ ಫ್ಲಿಂಟ್ಸ್ ಫಿಂಗರ್ ಕಡೆಗೆ ಹರಿದೇ ಹರಿಯುತ್ತದೆ, ದಕ್ಷಿಣಕ್ಕೆ ಎಲ್ಲ ಹಡಗುಗಳನ್ನೂ ಕಳಿಸುವ ಧೈರ್ಯ ಉಳಿಯುವುದಿಲ್ಲ. ಸ್ಟಾರ್ಕ್‌ಗೆ ನೀವು ಹೇಳಬೇಕಾದ ಸತ್ಯ ಸರಳವಾದದ್ದು. ಲ್ಯಾನಿಸ್‌ಪೋರ್ಟ್ ಬಿದ್ದರೆ ಗ್ರೇಜಾಯ್ ಬಳಿ ಪೈಕ್, ಸೀಗಾರ್ಡ್, ರಿವರ್‌ರನ್, ಲ್ಯಾನಿಸ್‌ಪೋರ್ಟ್ ಎಂದು ನಾಲ್ಕು ಕೋಟೆಗಳಾಗುತ್ತವೆ; ಗೆಲ್ಲಲು ಬೇಕಾದ ಏಳಕ್ಕೆ ಇನ್ನು ಮೂರನ್ನು ಅವರು ಹುಡುಕುವ ಮೊದಲ ಜಾಗ ಉತ್ತರವೇ. ಇದರಲ್ಲಿ ಬೇಡಿಕೊಳ್ಳುವುದು ಏನೂ ಇಲ್ಲ, ಅವರ ಹಿತವನ್ನೇ ಅವರಿಗೆ ತೋರಿಸಿಕೊಡುತ್ತೀರಿ. ನಿಮ್ಮ ಆಟದಲ್ಲಿ ಸ್ಟಾರ್ಕ್ ಏನು ಮಾಡುತ್ತಿದ್ದರು ಎಂದು ನೀವು ಬರೆದಿಲ್ಲ. ಬಹುಶಃ ಅವರನ್ನು ಯಾರೂ ಮಾತನಾಡಿಸಿರಲಿಲ್ಲ.

ಪ್ರಶ್ನೆ ಕೇಳಿದವರು:

ನಿಮ್ಮ ಊಹೆ ಸರಿ. ಸ್ಟಾರ್ಕ್ ಆಡುತ್ತಿದ್ದವರು ಮೊದಲ ಎರಡು ಸುತ್ತು ಪೂರ್ವದ ಸಮುದ್ರದಲ್ಲಿಯೇ ಇದ್ದರು, ನಾನು ಅವರ ಕಡೆ ತಿರುಗಿಯೂ ನೋಡಿರಲಿಲ್ಲ. ಇನ್ನೊಂದು ಸಂದೇಹವಿದೆ. ಐರನ್‌ಮ್ಯಾನ್ಸ್ ಬೇಯಲ್ಲಿ ಮಾರ್ಚ್ ಬದಲು ಅವನು ಸಪೋರ್ಟ್ (ಪಕ್ಕದ ಕಾಳಗಕ್ಕೆ ಬಲ ಸೇರಿಸುವ ಆರ್ಡರ್) ಇಟ್ಟರೆ ನಾನು ನಿಶ್ಚಿಂತನಾಗಿ ಇರಬಹುದೇ? ಲ್ಯಾನಿಸ್‌ಪೋರ್ಟ್‌ನಲ್ಲಿರುವ ನನ್ನ ಸವಾರ ಹಡಗಿಗೆ ಬೆಂಬಲ ಕೊಡಬಲ್ಲನೇ?

ಉತ್ತರ 1 ಬರೆದವರು:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಕೊಡಲಾರ. ಹಡಗುಗಳು ನೆಲದ ಕಾಳಗಕ್ಕೆ ಬೆಂಬಲ ಕೊಡಬಹುದು, ನೆಲದ ಸೈನ್ಯ ಸಮುದ್ರದ ಕಾಳಗಕ್ಕೆ ಕೊಡುವಂತಿಲ್ಲ.

ಸಪೋರ್ಟ್ ಇದ್ದರೆ ಗೋಲ್ಡನ್ ಸೌಂಡ್ ಆ ಸುತ್ತಿಗೆ ಸುರಕ್ಷಿತ, ಆದರೆ ರಿವರ್‌ರನ್ ಅಲ್ಲ. ಆ ಹಡಗು ಪೈಕ್‌ನ ಸೈನ್ಯವನ್ನು ರಿವರ್‌ರನ್‌ಗೆ ದಾಟಿಸಿ, ಅಲ್ಲಿಯೇ ನಿಂತು ಬೆಂಬಲವನ್ನೂ ಕೊಡಬಲ್ಲದು. ನಿಮಗೆ ಅನುಮಾನವಿದ್ದರೆ ಗೋಲ್ಡನ್ ಸೌಂಡ್‌ನಲ್ಲಿ ರೇಡ್ ಇಡಿ. ರೇಡ್‌ಗಳು ಮಾರ್ಚ್‌ಗಿಂತ ಮುಂಚೆ ನಡೆಯುವುದರಿಂದ ಪಕ್ಕದ ಸಮುದ್ರದ ಸಪೋರ್ಟ್ ಆರ್ಡರನ್ನು ಅದು ತೆಗೆದುಹಾಕುತ್ತದೆ. ಅವನು ಮಾತಿಗೆ ತಕ್ಕಂತೆ ನಡೆದಿದ್ದಾನೆ ಎನ್ನಿಸಿದರೆ ರೇಡ್ ಮಾಡದೆ ಸುಮ್ಮನೆ ಬಿಡಬಹುದು. ಸಪೋರ್ಟ್ ತೆಗೆಯಬಹುದಾಗಿದ್ದರೂ ತೆಗೆಯಲಿಲ್ಲ ಎಂಬುದನ್ನು ಅವನು ಗಮನಿಸಿಯೇ ಇರುತ್ತಾನೆ, ಎರಡನೆಯ ಸುತ್ತಿನ ಮಾತುಕತೆ ಅಲ್ಲಿಂದ ಶುರುವಾಗುತ್ತದೆ.

ಉತ್ತರ 3:

ಗಡುವಿನ ಬಗ್ಗೆ ಒಂದು ಮಾತು ಸೇರಿಸಬೇಕೆನಿಸಿತು. ಈ ಆಟದಲ್ಲಿ ಗೆಲ್ಲುವವನು ಒಬ್ಬನೇ, ಹತ್ತು ಸುತ್ತುಗಳಾಚೆ ಆಟವಿಲ್ಲ. ಹೀಗಿರುವಾಗ ಪ್ರತಿಯೊಂದು ಮೈತ್ರಿಯೂ ಎಲ್ಲೋ ಒಂದು ಕಡೆ ಮುರಿಯಲೇಬೇಕು. ನಮ್ಮ ಮೇಜಿನಲ್ಲಿ ಒಂದು ರೂಢಿ ತಾನಾಗಿಯೇ ಬೆಳೆದಿದೆ: ಒಪ್ಪಂದವನ್ನು ಒಂದು ಸುತ್ತಿಗೆ ಮಾತ್ರ ಮಾಡಿಕೊಳ್ಳುತ್ತೇವೆ, ಮುಂದಿನ ಸುತ್ತಿನ ಆರ್ಡರ್ ಇಡುವ ಮುಂಚೆ ಅದನ್ನು ಮತ್ತೆ ಬಾಯಿಬಿಟ್ಟು ನವೀಕರಿಸುತ್ತೇವೆ. ನವೀಕರಿಸಲು ಮನಸ್ಸಿಲ್ಲದವರು "ಈ ಸುತ್ತಿಗೆ ಏನೂ ಹೇಳಲಾರೆ" ಎನ್ನುತ್ತಾರೆ. ಆ ಒಂದು ವಾಕ್ಯ ಕೇಳಿಬಂದರೆ ಎದುರು ಕುಳಿತವರು ಎಚ್ಚೆತ್ತುಕೊಳ್ಳುತ್ತಾರೆ, ಆದರೆ ಯಾರಿಗೂ ಮೋಸವಾಯಿತೆಂದು ಅನ್ನಿಸುವುದಿಲ್ಲ. ಮೂರು ಸುತ್ತಿಗೆ ಕೊಟ್ಟ ಮಾತನ್ನು ಮೊದಲ ಸುತ್ತಿನಲ್ಲಿಯೇ ಮುರಿದಾಗ ಆಗುವ ನೋವು ನಿಜವಾದದ್ದು, ನಿಮ್ಮ ಬರಹದಲ್ಲಿ ಅದು ನನಗೆ ಕಾಣಿಸಿತು.

ಸಿಂಹಾಸನ ಇರುವವರನ್ನೂ ಮರೆಯಬೇಡಿ. ಕ್ಲ್ಯಾಷ್ ಆಫ್ ಕಿಂಗ್ಸ್ ಎಂಬ ಕಾರ್ಡು ಬಂದು ಪಟ್ಟಿಗಳ ಸ್ಥಾನಕ್ಕಾಗಿ ಪವರ್ ಟೋಕನ್‌ಗಳಿಂದ ಹರಾಜು ನಡೆದಾಗ, ಸಮನಾಗಿ ಕೂಗಿದವರಲ್ಲಿ ಯಾರು ಮೇಲೆ ಎಂದು ತೀರ್ಮಾನಿಸುವುದು ಅವರು. ಆರಂಭದಲ್ಲಿ ಆ ಜಾಗದಲ್ಲಿ ಬರಾಥಿಯನ್ ಇರುತ್ತಾರೆ. ಕಿಂಗ್ಸ್ ಕೋರ್ಟ್‌ನಲ್ಲಿ ಗ್ರೇಜಾಯ್ ಮೇಲೇರಿ ನಕ್ಷತ್ರಗಳನ್ನು ಪಡೆಯುವುದನ್ನು ತಡೆಯಲು ನಿಮಗೆ ಅವರ ಒಂದು ತೀರ್ಮಾನ ಸಾಕಾಗಬಹುದು. ಮುಂದಿನ ಬಾರಿ ನಿಮ್ಮಿಬ್ಬರ ನಡುವಿನ ಹ್ಯಾರನ್‌ಹಾಲ್ ಕೋಟೆಯ ವಿಚಾರ ಅವರೊಡನೆ ಮಾತನಾಡುವಾಗ ಇದನ್ನೂ ಜೊತೆಗೆ ಎತ್ತಿ.